ಪರ್ಯಾಪ್ತ ಮನುಷ್ಯರಾಶಿಯ ಸಂಖ್ಯೆಯೂ ಪಾಠಶುದ್ಧಿಯೂ

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರಾಶಿಯು ಎರಡು ಬಗೆಯಾಗಿ ನಿರೂಪಿತವಾಗಿದೆ. ಒಂದು ಗಾಥೆಯಲ್ಲಿ ಅದು ಪಂಚಮ ಕೃತಿಯ ಘನವೆಂದು ಹೇಳಿದೆ. ಮುಂದಿನದರಲ್ಲಿ ಆ ರಾಶಿಯ ಅಂಕಗಳೇ ಕಟಪಯಾದಿ ಕ್ರಮದಿಂದ ಅಕ್ಷರಗಳಲ್ಲಿ ಅಡಕವಾಗಿವೆ. ಮೊದಲನೆಯದು ಲಕ್ಷಣ, ಎರಡನೆಯದು ಅಂಕನ್ಯಾಸ. ಒಂದು ಮತ್ತೊಂದಕ್ಕೆ ಸಾಕ್ಷಿಯಾಗಿ ನಿಲ್ಲುವುದರಿಂದ ಹಸ್ತಪ್ರತಿಗಳ ಪರಿಶೋಧಕನಿಗೆ ಇಲ್ಲಿ ಅಪರೂಪವಾದ ಅನುಕೂಲವುಂಟು.

ಎರಡರ ವರ್ಗಗಳು ಕ್ರಮವಾಗಿ 4, 16, 256, 65536. ಐದನೆಯದು ಬಾದಾಲವೆಂದು ಪ್ರಸಿದ್ಧವಾದ 4294967296. ಇದರ ಘನವು 79228162514264337593543950336. ಬಾದಾಲವನ್ನು ಆರನೆಯ ವರ್ಗವಾದ ಏಕಟ್ಠಿಯಿಂದ ಗುಣಿಸಿದರೂ ಇದೇ ಫಲ. ಇದು ಸಮಸಂಖ್ಯೆ, ಕೃತಿಯೂ ಹೌದು, ಘನವೂ ಹೌದು. ಆದರೆ ತ್ರಿಲೋಕಸಾರದಲ್ಲಿ ಹೇಳಿರುವ ಧಾರೆಗಳಲ್ಲಿ ದ್ವಿರೂಪವರ್ಗಧಾರೆಗೆ ಇದು ಸೇರದು, ದ್ವಿರೂಪಘನಧಾರೆಗೆ ಸೇರುತ್ತದೆ. ಇದರ ಅರ್ಧಚ್ಛೇದಗಳು 96. ಶ್ವೇತಾಂಬರರ ಅನುಯೋಗದ್ವಾರಸೂತ್ರವೂ ಮನುಷ್ಯರ ಸಂಖ್ಯೆಯನ್ನು ಹೇಳುವಲ್ಲಿ 96 ಛೇದಗಳನ್ನೇ ಹೇಳುತ್ತದೆ. ಇಪ್ಪತ್ತೊಂಬತ್ತು ಅಂಕಸ್ಥಾನಗಳೆಂಬ ಮಾತೊಂದೇ ಈ ರಾಶಿಯನ್ನು ನಿರ್ಣಯಿಸಲಾರದು. ಕೋಟಿಯನ್ನು ನಾಲ್ಕೆಡೆಯಿರಿಸಿ ಗುಣಿಸಿದ ಫಲಕ್ಕೂ ಅಷ್ಟೇ ಸ್ಥಾನಗಳಿವೆ, ನಮ್ಮ ರಾಶಿಯಾದರೋ ಅದರ ಸುಮಾರು ಎಂಟು ಪಟ್ಟು.

ಇನ್ನು ಅಕ್ಷರಗಳ ವಿಚಾರ. ಗಾಥೆಯ ಮೊದಲ ಅಕ್ಷರವಾದ ತಕಾರವು 6. ಅದು ಏಕಸ್ಥಾನದ ಅಂಕ. ಅಲ್ಲಿಂದ ವಾಮಗತಿಯಲ್ಲಿ ನಡೆದರೆ ಕೊನೆಯ ಸಕಾರವು 7, ಅತ್ಯುಚ್ಚ ಸ್ಥಾನದ್ದು. ಸ್ವರಗಳಿಗೆ ಬೆಲೆಯಿಲ್ಲ. ಆದುದರಿಂದ ವ್ಯಂಜನವೊಂದು ತಪ್ಪಿದರೆ ಪದದ ಅರ್ಥ ಕೆಡದೆಯೇ ಸಂಖ್ಯೆ ಕೆಡುತ್ತದೆ. ಲಿಪಿಕಾರನ ಅಜ್ಞಾನಕ್ಕಿಂತ ಅವನ ಪಾಂಡಿತ್ಯವೇ ಇಲ್ಲಿ ಹೆಚ್ಚು ಅಪಾಯಕಾರಿ. ಹದಿಮೂರನೆಯ ಅಕ್ಷರವಾದ 'ಸಿ'ಯನ್ನು ಸಂಸ್ಕೃತದ ಅಭ್ಯಾಸದಿಂದ 'ಶಿ' ಎಂದು ತಿದ್ದಿದರೆ 7 ಹೋಗಿ 5 ಬರುತ್ತದೆ. ರಾಶಿಯಲ್ಲಿ ಎರಡು ಲಕ್ಷ ಕೋಟಿ ಕಡಿಮೆಯಾಗುತ್ತದೆ! ಪ್ರಾಕೃತದ ವಾಡಿಕೆಯಂತೆ ನಾಲ್ಕನೆಯ ನಕಾರವನ್ನು ಣಕಾರ ಮಾಡಿದರೆ ಶೂನ್ಯದ ಎಡೆಯಲ್ಲಿ 5 ನಿಲ್ಲುತ್ತದೆ. ಕನ್ನಡ ಲಿಪಿಯ ಓಲೆಗಳಲ್ಲಿ ಧಕಾರ ದಕಾರಗಳ ಭೇದವು ಸೂಕ್ಷ್ಮ. ಅಲ್ಲಿ 9 ಮತ್ತು 8 ಅದಲುಬದಲಾಗಬಹುದು. ಲಕಾರವು ಳಕಾರವಾದರೆ 3 ಹೋಗಿ 9.

ಇಂತಹ ಪಾಠಾಂತರಗಳಲ್ಲಿ ಬಹುಮತವನ್ನು ಎಣಿಸುವ ಅಗತ್ಯವಿಲ್ಲ. ಲಭಿಸಿದ ಸಂಖ್ಯೆಯನ್ನು ಅರ್ಧಿಸುತ್ತ ಹೋಗಬೇಕು. ಶುದ್ಧ ಪಾಠವಾದರೆ 96 ಬಾರಿ ಅರ್ಧಿಸಿದಾಗ ಒಂದು ಉಳಿಯುತ್ತದೆ. ಣಕಾರದ ಪಾಠವಾದರೆ ಮೂರು ಬಾರಿ ಅರ್ಧಿಸಿದೊಡನೆ, ಶಕಾರದ ಪಾಠವಾದರೆ ಹದಿಮೂರು ಬಾರಿ ಅರ್ಧಿಸಿದೊಡನೆ ವಿಷಮಸಂಖ್ಯೆ ಬಂದು ಕ್ರಿಯೆ ನಿಲ್ಲುತ್ತದೆ. ಹೀಗೆ ದೋಷದ ಇರವು ಮಾತ್ರವಲ್ಲ, ಅದು ಸುಮಾರು ಯಾವ ಸ್ಥಾನದಲ್ಲಿದೆ ಎಂಬ ಸೂಚನೆಯೂ ದೊರೆಯುತ್ತದೆ. ಅಷ್ಟು ತಾಳ್ಮೆಯಿಲ್ಲದವರು ಅಂಕಗಳನ್ನು ಕೂಡಿಸಬಹುದು: ಮೊತ್ತ 127, ಒಂಬತ್ತರಿಂದ ಭಾಗಿಸಿದರೆ ಶೇಷ 1. ಆದರೆ ಎರಡು ಅಕ್ಷರಗಳು ಸ್ಥಾನಪಲ್ಲಟವಾಗಿದ್ದರೆ ಈ ಮೊತ್ತವು ಅದನ್ನು ತೋರಿಸದು. ಅಲ್ಲಿ ಅರ್ಧಚ್ಛೇದವನ್ನೇ ಆಶ್ರಯಿಸಬೇಕು.