ಕೂರುವುದನ್ನು ಕಲಿಸುವ ಮೇಷ್ಟ್ರು

2025ರ ಜನವರಿ 19. ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್‌ನ ಮಹಿಳಾ ಫೈನಲ್. ಕೊನೆಯ ಸರದಿಯಲ್ಲಿ ನೇಪಾಳದವರು ಬೆನ್ನಟ್ಟುತ್ತಿದ್ದರೆ, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಮುನ್ನಡೆಸಿದ ‘ಡ್ರೀಮ್ ರನ್’, ಅಂದರೆ ಔಟಾಗದೆ ತಪ್ಪಿಸಿಕೊಳ್ಳುವ ದೀರ್ಘ ಓಟ, 5 ನಿಮಿಷ 14 ಸೆಕೆಂಡು ನಡೆಯಿತು. ಭಾರತ 78–40ರಿಂದ ಗೆದ್ದಿತು. ಪಂದ್ಯದ ಅತ್ಯುತ್ತಮ ಆಟಗಾರ್ತಿ ಚೈತ್ರಾ.

ರೈತ ಕುಟುಂಬದ ಈ ಹುಡುಗಿ ಪಳಗಿದ್ದು ಊರಿನ ವಿದ್ಯಾದರ್ಶಿನಿ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕ ಮಂಜುನಾಥ್ ಅವರ ಕೈಯಲ್ಲಿ. ಪಿ.ಟಿ. ಮೇಷ್ಟ್ರೆಂದರೆ ಪ್ರಾರ್ಥನೆಗೆ ಸೀಟಿ ಊದುವವರು ಎಂದುಕೊಂಡವರು ಖೋ ಖೋ ಕಲಿಸುವ ಕಸುಬನ್ನೊಮ್ಮೆ ನೋಡಬೇಕು.

ಮಕ್ಕಳಿಗೆ ಓಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಕೂರುವುದನ್ನು ಕಲಿಸುವುದೇ ಕಷ್ಟ. ಎರಡು ಕಂಬಗಳ ನಡುವಿನ ಸಾಲಿನಲ್ಲಿ ಒಬ್ಬರು ಈ ಕಡೆ ಮುಖ ಮಾಡಿದರೆ ಪಕ್ಕದವರು ಆ ಕಡೆ. ಕುಕ್ಕರುಗಾಲಲ್ಲಿ ಕೂತು, ಹಿಮ್ಮಡಿ ಎತ್ತಿ, ಬೆರಳ ತುದಿ ನೆಲಕ್ಕೂರಿ, ಭಾರವನ್ನೆಲ್ಲ ಮುಂದಕ್ಕೆ ಹಾಕಿರಬೇಕು. ಬೆನ್ನಿಗೆ ಅಂಗೈ ತಾಗಿ ‘ಖೋ’ ಕೇಳಿದೊಡನೆ ಎದ್ದು ನಿಂತು ಆಮೇಲೆ ಓಡುವುದಲ್ಲ, ಕೂತಲ್ಲಿಂದಲೇ ಚಿಮ್ಮಬೇಕು. ಕೇಳುವ ಮೊದಲೇ ಎದ್ದರೆ ಫೌಲ್. ಅವಸರವನ್ನೂ ತಾಳ್ಮೆಯನ್ನೂ ಒಂದೇ ಮೈಯಲ್ಲಿ ಕೂರಿಸುವ ಈ ಕೆಲಸಕ್ಕೆ ವರ್ಷಗಳೇ ಬೇಕು.

ಆಮೇಲಿನದು ಬುದ್ಧಿಯ ಪಾಠ. ಬೆನ್ನಟ್ಟುವವರು ನಡುಗೆರೆ ದಾಟುವಂತಿಲ್ಲ. ಒಮ್ಮೆ ದಿಕ್ಕು ಹಿಡಿದರೆ ಕಂಬ ಮುಟ್ಟುವವರೆಗೆ ತಿರುಗುವಂತಿಲ್ಲ. ತಪ್ಪಿಸಿಕೊಳ್ಳುವವರಿಗೆ ಈ ಕಟ್ಟುಗಳಿಲ್ಲ, ಕೂತವರ ನಡುವೆ ಹಾವಿನಂತೆ ನುಸುಳಬಹುದು. ಅದಕ್ಕೇ ಓಟಗಾರ್ತಿ ಎದುರಾಳಿಯ ಕಾಲನ್ನಲ್ಲ, ಭುಜವನ್ನು ನೋಡುತ್ತಾಳೆ: ಭುಜ ಎತ್ತ ವಾಲಿತೋ ಅವಳು ಅದರ ಉಲ್ಟಾ. ಇತ್ತ ಬೆನ್ನಟ್ಟುವವಳು ಸುಳ್ಳೇ ಭುಜ ಅಲುಗಿಸಿ ಅವಳನ್ನು ಕಂಬದತ್ತ ತಳ್ಳುತ್ತಾಳೆ. ಅಲ್ಲಿ ಪೋಲ್ ಡೈವ್: ಒಂದು ಕೈ ಕಂಬ ಹಿಡಿದು, ಮೈ ಪೂರ್ತಿ ಗಾಳಿಯಲ್ಲಿ ಚಾಚಿ, ಇನ್ನೊಂದು ಕೈಯ ಬೆರಳಿಂದ ಮುಟ್ಟುವುದು. ಬೀಳುವುದು ಹೇಗೆಂದು ಮೊದಲು ಕಲಿಸದೆ ಹಾರಲು ಬಿಡುವ ಮೇಷ್ಟ್ರು ಒಳ್ಳೆಯ ಮೇಷ್ಟ್ರಲ್ಲ.

ದೊಡ್ಡ ಪಂದ್ಯಗಳೆಲ್ಲ ಈಗ ಮ್ಯಾಟ್ ಮೇಲೆ ನಡೆಯುತ್ತವೆ. ಆದರೆ ಹಳ್ಳಿ ಮಕ್ಕಳಲ್ಲಿ ಹೆಚ್ಚಿನವರು ಅಭ್ಯಾಸ ಮಾಡುವುದು ಮಣ್ಣಲ್ಲಿ. ತಿ. ನರಸೀಪುರ, ನಂಜನಗೂಡು ಕಡೆಯ ದಾನಿಗಳು ಗೆದ್ದವರಿಗೆ ಹೊದಿಸುವ ಶಾಲು, ಹಾರದ ದುಡ್ಡಲ್ಲಿ ಊರಿನ ಶಾಲೆಗೊಂದು ಮ್ಯಾಟ್ ಕೊಡಿಸಲಿ.