ದೆಹಲಿಯ ಕಡತಗಳಲ್ಲಿ ವಿಷಾದ

ಇಂಗ್ಲಿಷಿನ 'ರಿಗ್ರೆಟೆಬ್ಲಿ' ಎಂಬ ಪದ ಹೆಸರಿಗೆ ಕ್ರಿಯಾವಿಶೇಷಣವಾದರೂ ಕ್ರಿಯಾಪದದ ಗೊಡವೆಗೆ ಹೋಗದೆ ಇಡೀ ವಾಕ್ಯದ ಮೇಲೆ ಹೇಳುವವರ ಅಭಿಪ್ರಾಯವನ್ನು ಹೊದಿಸುತ್ತದೆ. ಹೀಗೆ ವಾಕ್ಯಕ್ಕೇ ಅಂಟುವ ಪದವನ್ನು ವಾಕ್ಯವಿಶೇಷಣ ಎನ್ನಬಹುದು. ಅದರ ಸೋದರಪದ 'ರಿಗ್ರೆಟ್‌ಫುಲಿ' ಒಬ್ಬರ ಮನಸ್ಸಿನ ನೋವನ್ನು ಸೂಚಿಸಿದರೆ, 'ರಿಗ್ರೆಟೆಬ್ಲಿ' ಸಂಗತಿಯೇ ನೋವು ತರುವಂಥದು ಎಂದಷ್ಟೇ ಹೇಳಿ, ನೊಂದವರು ಯಾರೆಂಬುದನ್ನು ಬಿಟ್ಟುಬಿಡುತ್ತದೆ. ಕನ್ನಡದಲ್ಲಿ 'ವಿಷಾದದಿಂದ', 'ವಿಷಾದದ ಸಂಗತಿಯೆಂದರೆ' ಎಂಬ ಎರಡು ರೂಪಗಳು ಈ ವ್ಯತ್ಯಾಸವನ್ನು ಚೆನ್ನಾಗಿಯೇ ಕಾಯುತ್ತವೆ. ಆದರೂ ಪತ್ರಿಕೆಗಳ ಕೈಗೆ ಒಗ್ಗಿರುವುದು 'ದುರದೃಷ್ಟವಶಾತ್'. ಅದರ ತುದಿಯ 'ವಶಾತ್' ಸಂಸ್ಕೃತದ ಪಂಚಮೀ ವಿಭಕ್ತಿ, ಅಂದರೆ ಇಲ್ಲಿ ಕಾರಣವನ್ನು ಹೇಳುವ ರೂಪವಾದ್ದರಿಂದ, ಸೇತುವೆ ಕುಸಿದ ಸುದ್ದಿಯಲ್ಲಿ ಈ ಪದ ಕಾಣಿಸಿಕೊಂಡ ಕೂಡಲೇ ಹೊಣೆ ಕಣ್ಣಿಗೆ ಕಾಣದ ಅದೃಷ್ಟದ ತಲೆಗೆ ಹೋಗಿ, ಸೇತುವೆ ಕಟ್ಟಿದ ಗುತ್ತಿಗೆದಾರರು ಪಾರಾಗುತ್ತಾರೆ.

ಆಡಳಿತದ ಭಾಷೆಗೆ ಈ ಅನುಕೂಲ ಬಹಳ ಹಿತ. ದೆಹಲಿಯಲ್ಲಿ ರಸ್ತೆ ಅಗೆದಲ್ಲೆಲ್ಲ ನಿಲ್ಲಿಸುವ ಫಲಕ 'ಅಸುವಿಧಾ ಕೇ ಲಿಯೇ ಖೇದ್ ಹೈ', ಅಂದರೆ ಅನನುಕೂಲಕ್ಕಾಗಿ ಖೇದವಿದೆ, ಎನ್ನುತ್ತದೆಯೇ ಹೊರತು ಯಾರಿಗೆ ಎಂದು ಹೇಳುವುದಿಲ್ಲ. ಚಳಿಗಾಲದಲ್ಲಿ ರೈಲು ತಡವಾದಾಗ ನಿಲ್ದಾಣದ ಧ್ವನಿವರ್ಧಕವು 'ಹಮೇಂ', ಅಂದರೆ 'ನಮಗೆ', ಎಂಬುದೊಂದನ್ನು ಸೇರಿಸಿ ತುಸು ಸೌಜನ್ಯ ತೋರುತ್ತದಾದರೂ ಆ 'ನಾವು' ಯಾರೆಂಬುದು ಮಾತ್ರ ಮಂಜಿನಲ್ಲೇ ಉಳಿಯುತ್ತದೆ.

ಅದೇ ಊರಿನ ಸುಪ್ರೀಂ ಕೋರ್ಟಿನಲ್ಲಿ ಈ ಸಡಿಲಿಕೆ ಸುಲಭವಾಗಿ ನಡೆಯುವುದಿಲ್ಲ. ರಫೇಲ್ ಯುದ್ಧವಿಮಾನ ಖರೀದಿಯ ಪ್ರಕರಣದ ತೀರ್ಪಿಗೆ ಸಂಬಂಧಿಸಿದ ಹೇಳಿಕೆಗಾಗಿ 2019ರಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿ ಎದುರಿಸಿದ ರಾಹುಲ್ ಗಾಂಧಿ ಏಪ್ರಿಲ್‌ನ ಪ್ರಮಾಣಪತ್ರದಲ್ಲಿ ವಿಷಾದ ಮಾತ್ರ ವ್ಯಕ್ತಪಡಿಸಿದ್ದರು. ಅದು ಸಾಲದಾಗಿ ಮೇ 8ರಂದು ಬೇಷರತ್ ಕ್ಷಮೆ ಕೋರಿದರು, ನವೆಂಬರ್ 14ರಂದು ನ್ಯಾಯಾಲಯ ಎಚ್ಚರಿಕೆಯ ಮಾತಿನೊಂದಿಗೆ ಪ್ರಕರಣವನ್ನು ಮುಗಿಸಿತು. ವಿಷಾದ ನಡೆದುದರ ಬಗ್ಗೆ ಹುಟ್ಟುವ ಭಾವ, ಕ್ಷಮೆಯಾದರೋ ಮಾಡಿದವರು ತಪ್ಪನ್ನು ಒಪ್ಪಿ ಬೇಡುವಂಥದು. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 12ನೇ ಕಲಮು, ಪ್ರಾಮಾಣಿಕವಾಗಿ ಕೋರಿದ ಕ್ಷಮೆಯನ್ನು ಅದು ಷರತ್ತಿನಿಂದ ಕೂಡಿದೆ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದು ಎನ್ನುತ್ತದಾದರೂ, ಅಲ್ಲಿಯೂ ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕ್ಷಮೆಯನ್ನು, ವಿಷಾದವನ್ನಲ್ಲ.

ಕುತೂಹಲದ ಸಂಗತಿಯೆಂದರೆ, ಹೀಗೆ ಕೋರ್ಟಿನಲ್ಲಿ ಹಗುರವಾದ ವಿಷಾದಕ್ಕೆ ಸಂಸತ್ತಿನಲ್ಲಿ ತೂಕವಿದೆ. ರಾಷ್ಟ್ರಪತಿಯವರ ಭಾಷಣಕ್ಕೆ ಸದನ ಸಲ್ಲಿಸುವ ವಂದನಾ ನಿರ್ಣಯಕ್ಕೆ ವಿರೋಧ ಪಕ್ಷದವರು ತರುವ ತಿದ್ದುಪಡಿಗಳು, ಇಂಥ ವಿಷಯದ ಪ್ರಸ್ತಾಪ ಭಾಷಣದಲ್ಲಿ ಇಲ್ಲವೆಂಬುದಕ್ಕೆ ಸದನ ವಿಷಾದಿಸುತ್ತದೆ ಎಂಬ ಸಿದ್ಧ ಮಾದರಿಯಲ್ಲಿರುತ್ತವೆ. ಇಲ್ಲಿ ವಿಷಾದಿಸುವ ಕರ್ತೃ ಸ್ಪಷ್ಟ: ಸದನವೇ. ಇಂಥ ತಿದ್ದುಪಡಿಗಳಲ್ಲಿ ಬಹುತೇಕವು ಬಿದ್ದುಹೋಗುವುದರಿಂದ ಅವನ್ನು ವಾಡಿಕೆಯೆಂದು ಬಗೆಯುವುದುಂಟು. ಆದರೆ 2015ರ ಮಾರ್ಚ್ 3ರಂದು ರಾಜ್ಯಸಭೆಯಲ್ಲಿ ಸಿಪಿಎಂ ಸದಸ್ಯ ಸೀತಾರಾಮ್ ಯೆಚೂರಿಯವರು ಕಪ್ಪುಹಣ ಮತ್ತು ಉನ್ನತ ಮಟ್ಟದ ಭ್ರಷ್ಟಾಚಾರದ ವಿಷಯವಾಗಿ ಮಂಡಿಸಿದ ತಿದ್ದುಪಡಿ 57ಕ್ಕೆ ಎದುರಾಗಿ 118 ಮತಗಳಿಂದ ಅಂಗೀಕಾರವಾಗಿ, ಸರ್ಕಾರ ಮುಜುಗರಕ್ಕೆ ಒಳಗಾಯಿತು, ವಂದನೆಯ ಬಾಲಕ್ಕೆ ವಿಷಾದವೂ ಸೇರಿಕೊಂಡಿತು.