ಹೃದಯದ ಬಿಗಿತವನ್ನು ಅಳೆಯುವ ಅಲೆಗಳು

ರೋಗಿಯ ಹೊಟ್ಟೆಯನ್ನು ಒತ್ತಿ ನೋಡಿ ಯಕೃತ್ತು ಗಡುಸಾಗಿದೆಯೇ ಎಂದು ಅರಿಯುವುದು ವೈದ್ಯರ ಹಳೆಯ ಪರಿಪಾಠ. ಪಕ್ಕೆಲುಬುಗಳ ಮರೆಯಲ್ಲಿರುವ ಹೃದಯವಾದರೋ ಬೆರಳಿಗೆ ಎಟುಕದು. ಅದರ ಸ್ನಾಯುವಿನ ಬಿಗಿತವನ್ನು ತಿಳಿಯಬೇಕಾದ ಅಗತ್ಯ ಮಾತ್ರ ಅಲ್ಪವಾದುದಲ್ಲ.

ಹೃದಯವನ್ನು ಪಂಪಿಗೆ ಹೋಲಿಸುವುದು ವಾಡಿಕೆ. ಈ ಹೋಲಿಕೆಯ ಬಳಕೆ ತುಸು ಅತಿಯಾಯಿತೆಂದೇ ಹೇಳಬೇಕು. ರಕ್ತವನ್ನು ಹೊರದೂಡುವ ಮುನ್ನ ಹೃದಯವು ಸಡಿಲಗೊಂಡು ತುಂಬಿಕೊಳ್ಳಬೇಕೆಂಬುದನ್ನು ಅದು ಮರೆಸಿಬಿಡುತ್ತದೆ. ಮುಪ್ಪು, ಬಹುಕಾಲದ ರಕ್ತದೊತ್ತಡ, ಮಧುಮೇಹ, ಅಮೈಲಾಯ್ಡ್ ಎಂಬ ಪ್ರೋಟೀನಿನ ಶೇಖರಣೆ ಮೊದಲಾದ ಕಾರಣಗಳಿಂದ ಸ್ನಾಯು ಬಿಗಿದುಕೊಂಡಾಗ, ಸಂಕೋಚನದ ಬಲ ಉಳಿದಿದ್ದರೂ ಹೃದಯವು ಸರಾಗವಾಗಿ ತುಂಬಲಾರದು. ಒಳಗಿನ ಒತ್ತಡವೇರಿ ಶ್ವಾಸಕೋಶಗಳನ್ನು ಬಾಧಿಸುತ್ತದೆ. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ರೋಗಿಗೆ ಏದುಸಿರು ಬರುತ್ತದೆ. ಹೃದಯವೈಫಲ್ಯದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ಸಂಕೋಚನಬಲ ಸಹಜವಾಗಿಯೇ ಇರುತ್ತದೆ. ಇಂಥವರ ಹೃದಯದ ಬಿಗಿತವನ್ನು ನೇರವಾಗಿ ಅಳೆಯಲು ರಕ್ತನಾಳದ ಮೂಲಕ ಕ್ಯಾತಿಟರ್ ಎಂಬ ಸಣ್ಣ ನಳಿಕೆಯನ್ನು ಹೃದಯದೊಳಕ್ಕೇ ಸೇರಿಸಬೇಕು.

ಗಾಯವಿಲ್ಲದೆ ಬಿಗಿತವನ್ನು ಅಳೆಯುವ ಬೇರೊಂದು ಮಾರ್ಗವನ್ನು 1995ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ರಾಜಾ ಮುತ್ತುಪಿಳ್ಳೈ, ರಿಚರ್ಡ್ ಎಹ್ಮನ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇದೇ ಎಂ.ಆರ್. ಎಲಾಸ್ಟೋಗ್ರಫಿ. ದೇಹಕ್ಕೆ ಒತ್ತಿಟ್ಟ ಕಂಪಕವೊಂದು ಮೆಲ್ಲನೆ ಅದುರಿ ಅಂಗಾಂಶಗಳಲ್ಲಿ ಅಲೆಗಳನ್ನು ಎಬ್ಬಿಸುತ್ತದೆ. ಎಂ.ಆರ್.ಐ. ಯಂತ್ರವು ತನ್ನ ಕಾಂತಕ್ಷೇತ್ರವನ್ನು ಅದೇ ತಾಳಕ್ಕೆ ಏರಿಳಿಸಿದಾಗ, ಅಂಗಾಂಶವು ಕೆಲವೇ ಮೈಕ್ರಾನುಗಳಷ್ಟು ಸರಿದರೂ ಆ ಚಲನೆ ಚಿತ್ರದಲ್ಲಿ ಮೂಡುತ್ತದೆ. ಬಿಗಿಯಾಗಿ ಎಳೆದ ಹಗ್ಗದಲ್ಲಿ ಅಲೆ ಬೇಗ ಓಡುವಂತೆ, ಗಡುಸಾದ ಅಂಗಾಂಶದಲ್ಲಿಯೂ ಅಲೆಯ ವೇಗ ಹೆಚ್ಚು. ವೇಗ ಎರಡರಷ್ಟಾದರೆ ಬಿಗಿತ ನಾಲ್ಕರಷ್ಟೆಂದು ಸ್ಥೂಲವಾಗಿ ಲೆಕ್ಕ ಹಾಕಬಹುದು.

ಯಕೃತ್ತಿನ ವಿಷಯದಲ್ಲಿ ಈ ವಿಧಾನ ಆಸ್ಪತ್ರೆಗಳ ಬಳಕೆಗೆ ಬಂದಿದೆ. ಅಲ್ಲಿ ಕಂಪನ ಸೆಕೆಂಡಿಗೆ 60 ಸಲ, ಆರೋಗ್ಯವಂತರಲ್ಲಿ ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು, ಅಂಗವೂ ವಿಶಾಲ. ಹೃದಯದ ಎಡ ಹೃತ್ಕುಕ್ಷಿಯ ಗೋಡೆಯಾದರೋ ಸುಮಾರು ಒಂದು ಸೆಂಟಿಮೀಟರು ಮಾತ್ರ ದಪ್ಪ. ಒಂದು ಪೂರ್ಣ ಅಲೆಗೂ ಅಲ್ಲಿ ಎಡೆಯಿಲ್ಲ! ಕಂಪನವನ್ನು ಹೆಚ್ಚಿಸಿ ಅಲೆಯನ್ನು ಕಿರಿದಾಗಿಸಿದರೆ ಅದು ಎದೆಗೂಡನ್ನು ದಾಟುವಷ್ಟರಲ್ಲಿಯೇ ಸೊರಗುತ್ತದೆ. ಸ್ನಾಯುವಿನ ಎಳೆಗಳು ಪದರದಿಂದ ಪದರಕ್ಕೆ ದಿಕ್ಕು ಬದಲಿಸುವುದರಿಂದ ಅಲೆಯ ವೇಗ ಎಲ್ಲ ದಿಕ್ಕಿನಲ್ಲಿಯೂ ಒಂದೇ ಆಗಿರದು. ಇದಲ್ಲದೆ ಹೃದಯವು ಒಂದೇ ಬಡಿತದಲ್ಲಿ ಬಿಗಿದು ಸಡಿಲಗೊಳ್ಳುತ್ತದೆ. ಆದ್ದರಿಂದ ಇ.ಸಿ.ಜಿ.ಯ ಸಂಕೇತಕ್ಕೆ ಹೊಂದಿಸಿ, ರೋಗಿ ಉಸಿರು ಬಿಗಿಹಿಡಿದಿರುವಾಗ ಚಿತ್ರಗಳನ್ನು ತೆಗೆಯಲಾಗುತ್ತದೆ.

ಅಮೈಲಾಯ್ಡ್ ರೋಗಿಗಳ ಹೃದಯಸ್ನಾಯು ಆರೋಗ್ಯವಂತರದಕ್ಕಿಂತ ಗಡುಸಾಗಿರುವುದನ್ನು 2017ರಲ್ಲಿ ಮೇಯೋ ಕ್ಲಿನಿಕ್ಕಿನ ಸಂಶೋಧಕರು ಈ ವಿಧಾನದಿಂದಲೇ ಅಳೆದು ತೋರಿಸಿದರು. ಆದರೂ ಹೃದಯದ ಮಟ್ಟಿಗೆ ಇದು ಮುಖ್ಯವಾಗಿ ಸಂಶೋಧನಾಲಯಗಳ ಪರೀಕ್ಷೆಯಾಗಿಯೇ ಉಳಿದಿದೆ. ಬಿಗಿತವನ್ನು ಖಚಿತವಾಗಿ ಅರಿಯಬೇಕಾದ ವೈದ್ಯರು ನಳಿಕೆಯನ್ನೇ ನೆಚ್ಚಬೇಕಾಗಿದೆ.